ಡಚ್‌ನ ‘ದೀ’, ‘ದಟ್’ ವಾಕ್ಯಗಳು ಕನ್ನಡದಿಂದಲೇ ಬಗೆಹರಿದವು: ನನ್ನ ಅನುಭವ

‘ನಾನು ನೋಡಿದ ಸೈಕಲ್’ ಅನ್ನುವಂಥ ಮಾತಿನಲ್ಲಿ ಹೆಸರಿಗೆ ಅದರ ವಿವರಣೆಯನ್ನು ಜೋಡಿಸುವ ಡಚ್ ಪದಗಳೇ ‘ದೀ’, ‘ದಟ್’. ಇವನ್ನು ಕನ್ನಡದ ಮೂಲಕ ಕಲಿಯುತ್ತೇನೆ ಅಂತ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿರುವ ನಮ್ಮ ಹುಡುಗರಿಗೆ ಹೇಳಿದಾಗ ಎಲ್ಲರೂ ನಕ್ಕರು. ‘ಡಚ್ ಕಲಿಯೋಕೆ ಕನ್ನಡ ಯಾಕೆ ಮಾರಾಯಾ, ಇಂಗ್ಲಿಷ್ ಬರುತ್ತಲ್ಲ’ ಅಂತ. ಈಗ ಬಿ1 (ಮಧ್ಯಮ ಹಂತದ ಭಾಷಾ ಪರೀಕ್ಷೆ) ಪಾಸಾಗಿದೆ, ಬರವಣಿಗೆಯೂ ಸೇರಿ, ಮೊದಲ ಸಲಕ್ಕೇ. ನಕ್ಕವರಲ್ಲಿ ಇಬ್ಬರು ಇನ್ನೂ ಬರವಣಿಗೆಯಲ್ಲೇ ಸಿಕ್ಕಿಕೊಂಡಿದ್ದಾರೆ.

ಸಂಜೆ ಕ್ಲಾಸಿಗೆ 600 ಯೂರೋ ಹತ್ತಿರ ಸುರಿದೆ. ಆಮೇಲೆ ಆನ್‌ಲೈನ್ ಪಾಠ, ಗಂಟೆಗೆ 30ರ ಆಸುಪಾಸು. ಎರಡರಲ್ಲೂ ಇಂಗ್ಲಿಷ್ ಮೂಲಕವೇ ಕಲಿಸಿದರು. ಇಂಗ್ಲಿಷ್‌ನಲ್ಲಿ ಯೋಚಿಸಿದರೆ ಕ್ರಿಯಾಪದ ಬೇಗ ಬಂದು ನಡುವೆ ಕೂತುಬಿಡುತ್ತದೆ. ಪುಟ ತುಂಬಾ ಕೆಂಪು ಗೆರೆ.

ನಾನು ಮಾಡಿದ್ದು ಇಷ್ಟೇ. ‘ನಾನು ನಿನ್ನೆ ಅಂಗಡಿಯಲ್ಲಿ ನೋಡಿದ ಸೈಕಲ್’ ಅಂತ ಮೊದಲು ಕನ್ನಡದಲ್ಲಿ ಹೇಳಿಕೊಳ್ಳುವುದು. ಸೈಕಲ್ ಅನ್ನು ಕಿತ್ತು ಮುಂದೆ ಇಡುವುದು. ಪಕ್ಕದಲ್ಲಿ ‘ದೀ’. ಮಿಕ್ಕಿದ್ದನ್ನು ಮುಟ್ಟಲೇಬೇಡಿ: ದ ಫೀಟ್ಸ್ (ಸೈಕಲ್) ದೀ ಇಕ್ (ನಾನು) ಖಿಸ್ತರನ್ (ನಿನ್ನೆ) ಇನ್ ದ ವಿಂಕಲ್ (ಅಂಗಡಿಯಲ್ಲಿ) ಝಖ್ (ನೋಡಿದೆ). ನಮ್ಮ ಕ್ರಮವೇ ಅಲ್ವಾ? ಅದು ಮುಗಿದ ತಕ್ಷಣ ಮುಖ್ಯ ವಾಕ್ಯದ ಕ್ರಿಯಾಪದ ಹಾಕಬೇಕು, ಯಾಕೆಂದರೆ ಈ ಉದ್ದದ ಬಾಲವೆಲ್ಲ ಸೇರಿ ಒಂದೇ ಸ್ಥಾನ, ಕ್ರಿಯಾಪದಕ್ಕೆ ಎರಡನೆಯದು. ‘...ಝಖ್, ಇಸ್ ಫರ್ಕೋಖ್ಟ್’ (ಮಾರಾಟವಾಗಿದೆ). ಎರಡು ಕ್ರಿಯಾಪದ ಡಿಕ್ಕಿ ಹೊಡೆದ ಹಾಗೆ ಕೇಳಿದರೆ ಸರಿ ಇದೆ ಅಂತಲೇ ಅರ್ಥ.

ಕನ್ನಡ ಕೈಕೊಡುವ ಜಾಗವೂ ಇದೆ. ‘ನಾನು ಕೂತ ಕುರ್ಚಿ’ ಅನ್ನುವಾಗ ನಮ್ಮಲ್ಲಿ ‘ಮೇಲೆ’ ಮಾಯ. ಡಚ್‌ಗೆ ಅದು ಬೇಕೇ ಬೇಕು: ದ ಸ್ಟೂಲ್ (ಕುರ್ಚಿ) ವಾರೊಪ್ (ಯಾವುದರ ಮೇಲೆ) ಇಕ್ ಝಿಟ್ (ಕೂತಿದ್ದೇನೆ). ಮಾತಿನಲ್ಲಿ ಒಡೆದು ‘ವಾರ್ ಇಕ್ ಒಪ್ ಝಿಟ್’ ಅನ್ನುವುದೇ ಜಾಸ್ತಿ. ಮನುಷ್ಯರಾದರೆ ‘ಮೆಟ್ ವೀ’ (ಯಾರ ಜೊತೆಗೆ): ದ ಕೊಲೇಖಾ ಮೆಟ್ ವೀ ಇಕ್ ವೆರ್ಕ್, ನಾನು ಜೊತೆಗೆ ಕೆಲಸ ಮಾಡುವ ಸಹೋದ್ಯೋಗಿ. ಹೆಚ್ಚು ಸಮಯ ತಿಂದಿದ್ದು ಇದೇ.

ಡಚ್‌ನಲ್ಲಿ ಹೆಸರುಗಳ ಮುಂದೆ, ಇಂಗ್ಲಿಷ್‌ನ ‘ದಿ’ ಥರ, ‘ದ’ ಅಥವಾ ‘ಹೆಟ್’ ಬರುತ್ತದೆ. ‘ದ’ ಪದಕ್ಕೆ ‘ದೀ’, ‘ಹೆಟ್’ ಪದಕ್ಕೆ ‘ದಟ್’, ಬಹುವಚನಕ್ಕೆಲ್ಲ ‘ದೀ’. ಯಾವುದು ‘ಹೆಟ್’ ಅಂತ ನೆನಪಿಡಲು ನನ್ನದೊಂದು ಉಪಾಯ ಇದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಪುಕ್ಕಟೆ ಉಪಾಯ ಬೇಕಾದರೆ ಪದದ ಬಾಲಕ್ಕೆ ‘-ಯೆ’ ಸೇರಿಸಿ ಪುಟ್ಟದು ಮಾಡಿ, ಆಗ ಏಕವಚನದಲ್ಲಿ ಯಾವಾಗಲೂ ‘ಹೆಟ್’, ಯಾವಾಗಲೂ ‘ದಟ್’. ಒಂದು ವಾರ ಪುಟ್ಟ ಮನೆ, ಪುಟ್ಟ ಸೈಕಲ್, ಪುಟ್ಟ ಮೇಜು ಅಂತಲೇ ಮಾತಾಡಿದೆ. ಆಫೀಸಿನವರು ಸುಮ್ನೆ ಸಹಿಸಿಕೊಂಡರು.

ಇನ್ನೊಂದು ಪ್ರಯೋಗ. ‘ದ ದೋರ್ ಮೈ ಖೆಕೊಖ್ತೆ ಫೀಟ್ಸ್’ ಅಂದರೆ ನೇರವಾಗಿ ‘ನಾನು ಕೊಂಡ ಸೈಕಲ್’, ಹೆಸರು ಕೊನೆಗೇ! ನಿಧಿ ಸಿಕ್ಕಿತು ಅಂದುಕೊಂಡು ರಿಪೇರಿ ಅಂಗಡಿಯಲ್ಲಿ ಬಳಸಿದೆ. ನೀವು ತೆರಿಗೆ ಇಲಾಖೆಯವರಾ ಅಂದರು. ಸರ್ಕಾರಿ ಪತ್ರಗಳಂಥ ಔಪಚಾರಿಕ ಬರವಣಿಗೆಯಲ್ಲಿ ಮಾತ್ರ ಇದು ನಡೆಯುತ್ತದೆ, ಆದರೆ ಆ ಪತ್ರಗಳನ್ನು ಈಗ ನಾನು ಸರಾಗವಾಗಿ ಓದುತ್ತೇನೆ.

ಕೊನೆಯಲ್ಲಿ ಎರಡು ಕ್ರಿಯಾಪದ ಬಂದಾಗ ತಲೆ ಕೆಡಿಸಿಕೊಳ್ಳಬೇಡಿ. ‘ಖೆದಾನ್ ಹೇಫ್ಟ್’, ‘ಹೇಫ್ಟ್ ಖೆದಾನ್’ ಎರಡೂ ಸರಿ. ನಾನು ಮೊದಲನೆಯದನ್ನೇ ಬಳಸುತ್ತೇನೆ, ‘ಮಾಡಿ ಇದ್ದಾನೆ’ ಅನ್ನುವ ಕ್ರಮ ಅದು.