ಮಂಚವಿರುವ ಶೌಚಾಲಯವನ್ನು ಕೇಳಿ ಪಡೆಯುವ ಬಗೆ

ಬಾಗಿಲ ಮೇಲೆ ಗಾಲಿಕುರ್ಚಿಯ ಚಿತ್ರವಿರುವ ಶೌಚಾಲಯಗಳು ಈಗ ನಮ್ಮ ದೊಡ್ಡ ಬಸ್ ನಿಲ್ದಾಣಗಳಲ್ಲೂ ಆಸ್ಪತ್ರೆಗಳಲ್ಲೂ ಅಲ್ಲಲ್ಲಿ ಕಾಣಸಿಗುತ್ತವೆ. ತೋಳಿನಲ್ಲಿ ಬಲವಿದ್ದು, ಕಂಬಿ ಹಿಡಿದು ಕುರ್ಚಿಯಿಂದ ಕಮೋಡಿಗೆ ತಾವೇ ಸರಿಯಬಲ್ಲವರಿಗೆ ಅವು ಸಾಕಾಗುತ್ತವೆ. ಆದರೆ ತೀವ್ರ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ ಅಥವಾ ಬಹುವಿಧ ಅಂಗವೈಕಲ್ಯದಿಂದಾಗಿ ಕೂರಲೂ ಆಗದೆ, ಮಲಗಿಸಿಯೇ ಡೈಪರ್ ಬದಲಿಸಬೇಕಾದ ವಯಸ್ಕರಿಗೆ ಅಲ್ಲಿ ಮೈ ಚಾಚಲು ನೆಲವೊಂದೇ ಗತಿ.

ನನ್ನ ತಮ್ಮನಿಗೆ 24 ವರ್ಷ, ತೂಕ 52 ಕಿಲೋ. ಒಮ್ಮೆ ಪ್ರಯಾಣದ ನಡುವೆ ಒಂದು ಬಸ್ ನಿಲ್ದಾಣದ ಶೌಚಾಲಯದಲ್ಲಿ, ಒದ್ದೆ ನೆಲದ ಮೇಲೆ ಹಳೆಯ ಫ್ಲೆಕ್ಸ್ ಬ್ಯಾನರ್ ಹಾಸಿ ಅವನನ್ನು ಮಲಗಿಸಿದೆವು. ಅವನ ತಲೆ ಕಮೋಡಿನ ಬುಡಕ್ಕೆ ತಗಲದಂತೆ ಅಮ್ಮ ಅಂಗೈ ಒಡ್ಡಿ ಕುಳಿತಿದ್ದಳು. ಕಾಲುಗಳು ಹೊಸ್ತಿಲು ದಾಟಿದ್ದರಿಂದ ಬಾಗಿಲು ಮುಚ್ಚಲಾಗದೆ ಅಪ್ಪ ಪಂಚೆಯೊಂದನ್ನು ಪರದೆಯಂತೆ ಹಿಡಿದು ನಿಂತಿದ್ದರು. ಅಂದಿನಿಂದ ಊರಿಗೆ ಹೊರಡುವ ದಿನ ಅವನಿಗೆ ಬೆಳಗಿನಿಂದ ನೀರು ಕಡಿಮೆ ಮಾಡುವುದು ನಮ್ಮ ಮನೆಯ ರೂಢಿಯಾಯಿತು. ಅದು ತಪ್ಪೆಂದು ವೈದ್ಯರು ಹೇಳುತ್ತಾರೆ. ತಪ್ಪೆಂದು ನಮಗೂ ಗೊತ್ತು.

ಏನು ಕೇಳಬೇಕೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. "ವಿಕಲಚೇತನ ಸ್ನೇಹಿ ಶೌಚಾಲಯ ಬೇಕು" ಎಂದಷ್ಟೇ ಬರೆದರೆ ಒಂದು ರ‍್ಯಾಂಪ್ ಮತ್ತು ಎರಡು ಸ್ಟೀಲ್ ಕಂಬಿಗಳು ಬರುತ್ತವೆ, ಕಡತ ಮುಗಿಯುತ್ತದೆ. ಬ್ರಿಟನ್ನಿನಲ್ಲಿ 'ಚೇಂಜಿಂಗ್ ಪ್ಲೇಸಸ್' ಎಂಬ ಹೆಸರಿನಲ್ಲಿ ಬೆಳೆದ ಮಾದರಿಯನ್ನು ಮುಂದಿಟ್ಟುಕೊಂಡು ಮಾತನಾಡುವುದು ಮೇಲು, ಏಕೆಂದರೆ ಅದರಲ್ಲಿ ಅಳತೆಗಳಿವೆ. ಅಲ್ಲಿನ ಸಾಮಾನ್ಯ ಗಾಲಿಕುರ್ಚಿ ಶೌಚಾಲಯ 1.5 ಮೀಟರಿಗೆ 2.2 ಮೀಟರ್, ಈ ಕೊಠಡಿಯಾದರೋ 3 ಮೀಟರಿಗೆ 4 ಮೀಟರ್, ಅಂದರೆ 12 ಚದರ ಮೀಟರ್. ದೊಡ್ಡವರು ಮಲಗಬಲ್ಲ, ಎತ್ತರವನ್ನು ಏರಿಸಿ ಇಳಿಸಬಹುದಾದ ಮಂಚ, ಚಾವಣಿಯ ಹಳಿಯ ಮೇಲೆ ಚಲಿಸುತ್ತ ವ್ಯಕ್ತಿಯನ್ನು ಜೋಲಿಯಲ್ಲಿ ಎತ್ತಿ ಸಾಗಿಸುವ ಯಂತ್ರ, ಎರಡೂ ಬದಿಗಳಲ್ಲಿ ಆರೈಕೆದಾರರು ನಿಲ್ಲಲು ಸ್ಥಳವಿರುವಂತೆ ಗೋಡೆಯ ಮೂಲೆಯಿಂದ ದೂರವಿರಿಸಿದ ಕಮೋಡು, ಜೊತೆಗೆ ಬಂದವರು ಆಚೆ ತಿರುಗಿ ನಿಲ್ಲಲು ಒಂದು ಪರದೆ ಇವು ಅದರ ಮುಖ್ಯ ಅಂಗಗಳು. 2021ರ ಜನವರಿ 1ರಿಂದ ಇಂಗ್ಲೆಂಡಿನಲ್ಲಿ 350 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಹೊಸ ಸಭಾ ಮತ್ತು ಮನರಂಜನಾ ಕಟ್ಟಡಗಳಿಗೂ ಹೊಸ ಆಸ್ಪತ್ರೆಗಳಿಗೂ ಕಟ್ಟಡ ನಿಯಮಗಳ ಮೂಲಕವೇ ಇದನ್ನು ಅನ್ವಯಿಸಲಾಗಿದೆ. ನಮ್ಮಲ್ಲೂ ಈ ಸೌಲಭ್ಯಕ್ಕೆ ಭವಿಷ್ಯವಿದ್ದರೆ ಅದು ನಿಯಮದ ದಾರಿಯಲ್ಲಿಯೇ ಇದೆಯೆಂಬುದು ನನ್ನ ಅಭಿಪ್ರಾಯ. ದಾನಿಗಳು ಕಟ್ಟಿಸಿಕೊಟ್ಟ ಒಂದೆರಡು ಕೊಠಡಿಗಳಿಂದ ಊರೂರಿಗೆ ಪ್ರಯಾಣ ಮಾಡಲಾಗದು.

ನಮ್ಮ ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನೂ ಉಬ್ಬಿಸದೆ ತಿಳಿದಿರಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಂಚವನ್ನಾಗಲಿ ಎತ್ತುವ ಯಂತ್ರವನ್ನಾಗಲಿ ಹೆಸರಿಸುವುದಿಲ್ಲ. ಆದರೆ ಅದು ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಬಹುವಿಧ ಅಂಗವೈಕಲ್ಯವೂ ಸೇರಿದೆ. ಪ್ರವೇಶಸಾಧ್ಯತೆಯ ನಿಯಮಗಳನ್ನು ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿ ನೀಡಬಾರದೆಂದು 44ನೇ ಸೆಕ್ಷನ್ ಹೇಳುತ್ತದೆ. ಹೆಚ್ಚಿನ ನೆರವಿನ ಅಗತ್ಯವಿರುವವರ ಪ್ರಸ್ತಾಪ 38ನೇ ಸೆಕ್ಷನ್ನಿನಲ್ಲಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶಸಾಧ್ಯತೆಯ ಮಾನದಂಡಗಳನ್ನು ಬರಿಯ ಸಲಹೆಗಳ ಮಟ್ಟಕ್ಕೆ ಇಳಿಸಿದ್ದ, ಇದೇ ಕಾಯ್ದೆಯಡಿ ರಚಿಸಿದ ನಿಯಮಾವಳಿಯ 15ನೇ ನಿಯಮವು ಕಾಯ್ದೆಗೆ ವಿರುದ್ಧವೆಂದು ತೀರ್ಪಿತ್ತು, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಮನವಿಯಲ್ಲಿ ಈ ನಾಲ್ಕು ಸಂಗತಿಗಳಿದ್ದರೆ ಸಾಕು. ಸಂವಿಧಾನದ ಪೀಠಿಕೆಯಿಂದ ಆರಂಭಿಸುವ ಮನವಿಗಳನ್ನು ಯಾರೂ ಎರಡನೆಯ ಪುಟದವರೆಗೆ ಓದುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಸಮಯ. ನಿಲ್ದಾಣವನ್ನೋ ಜಿಲ್ಲಾಸ್ಪತ್ರೆಯನ್ನೋ ಹೊಸದಾಗಿ ಕಟ್ಟುವ ಅಥವಾ ನವೀಕರಿಸುವ ಸುದ್ದಿ ಬಂದ ಕೂಡಲೇ, ಟೆಂಡರ್ ಕರೆಯುವ ಮೊದಲೇ, ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ನಕ್ಷೆ ಮತ್ತು ಅಂದಾಜು ಪಟ್ಟಿಯ ಪ್ರತಿಗಳನ್ನು ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಬಸ್ ನಿಲ್ದಾಣವಾದರೆ ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಮನವಿ ಸಲ್ಲಿಸಿ, ಪ್ರತಿಯನ್ನು ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಕಚೇರಿಗೆ ದೂರು ನೀಡಬಹುದು. ಅಲ್ಲಿ ಕೇಳುವ ಮೊದಲ ದಾಖಲೆ ಆ ಮೊಹರಿನ ಪ್ರತಿ.

ಎಂಜಿನಿಯರನ್ನು ಭೇಟಿಯಾಗುವ ದಿನ ಅಳತೆಯ ಟೇಪನ್ನೂ ಒಂದು ಸೀಮೆಸುಣ್ಣವನ್ನೂ ಒಯ್ಯಿರಿ. ಕಚೇರಿಯ ಪಡಸಾಲೆಯಲ್ಲಿ 3 ಮೀಟರಿಗೆ 4 ಮೀಟರಿನ ಚೌಕಟ್ಟು ಬರೆದು, ಒಳಗೆ ಗಾಲಿಕುರ್ಚಿಯನ್ನು ನಿಲ್ಲಿಸಿ, ಪಕ್ಕದಲ್ಲಿ 1.8 ಮೀಟರ್ ಉದ್ದದ ಮಂಚದ ಗೆರೆ ಎಳೆದು, ಇಬ್ಬರು ಸುತ್ತ ಓಡಾಡಿ ತೋರಿಸಿ. "ಇಷ್ಟು ದೊಡ್ಡದು ಏಕೆ?" ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ. ಹಣ ಸಾಲದು ಎಂದರೆ ಎತ್ತುವ ಯಂತ್ರವನ್ನು ಮುಂದಿನ ವರ್ಷಕ್ಕೆ ಬಿಡಿ, ಆದರೆ ಅದರ ಭಾರ ಹೊರುವಂತೆ ಚಾವಣಿಯನ್ನು ಈಗಲೇ ಕಟ್ಟಿಸಿ, ಮಂಚವನ್ನು ಬಿಡಬೇಡಿ, ವಿಸ್ತೀರ್ಣದಲ್ಲಂತೂ ಒಂದಡಿಯನ್ನೂ ಬಿಟ್ಟುಕೊಡಬೇಡಿ, ಏಕೆಂದರೆ ಎದ್ದ ಗೋಡೆಯನ್ನು ಆಮೇಲೆ ಯಾರೂ ಸರಿಸುವುದಿಲ್ಲ.

ಬಾಗಿಲು ಎಲ್ಲಿ ತೆರೆಯುತ್ತದೆ ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ. ಮಹಿಳೆಯರ ವಿಭಾಗದ ಒಳಗೆ ಕೊಠಡಿಯಿದ್ದರೆ ಮಗಳನ್ನು ಕರೆತಂದ ತಂದೆ ಹೊರಗೇ ನಿಲ್ಲಬೇಕಾಗುತ್ತದೆ, ಪುರುಷರ ವಿಭಾಗದಲ್ಲಿದ್ದರೆ ಮಗನನ್ನು ಕರೆತಂದ ತಾಯಿ. ಆದ್ದರಿಂದ ಬಾಗಿಲು ಸಾರ್ವಜನಿಕ ಓಣಿಗೇ ತೆರೆಯಬೇಕು.

ನಮ್ಮ ಪರಿಸ್ಥಿತಿಗೆ ಕೆಲವು ಬದಲಾವಣೆಗಳು ಬೇಕು. ಕರೆಂಟ್ ಹೋದಾಗ ವ್ಯಕ್ತಿ ಜೋಲಿಯಲ್ಲಿ ತೂಗಿಕೊಂಡೇ ಉಳಿಯಬಾರದಾದ್ದರಿಂದ ಎತ್ತುವ ಯಂತ್ರ ಬ್ಯಾಟರಿಯಿಂದ ನಡೆಯಬೇಕು, ಕೈಯಿಂದ ಕೆಳಗಿಳಿಸುವ ವ್ಯವಸ್ಥೆಯೂ ಇರಬೇಕು. ನಾವು ನೀರಿನಿಂದಲೇ ತೊಳೆಯುವವರಾದ್ದರಿಂದ ಮಂಚದ ಬಳಿ ಕೈ ಷವರ್ ಬೇಕು. ಆ ನೀರು ಗಾಲಿಕುರ್ಚಿ ನಿಲ್ಲುವ ಕಡೆಗೆ ಬಾರದಂತೆ ನೆಲದ ಇಳಿಜಾರು ಮಂಚದ ಕೆಳಗಿನ ಮೋರಿಯತ್ತ ಇರಬೇಕು, ಹಾಸುಗಲ್ಲು ಜಾರದಂಥದ್ದಾಗಿರಬೇಕು. ಬಳಸಿದ ಡೈಪರುಗಳಿಗೆ ಮುಚ್ಚಳವಿರುವ ದೊಡ್ಡ ಡಬ್ಬಿಯನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಿ. ಜೋಲಿಯನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಮೈಗೆ ಹೊಂದುವಂಥದ್ದನ್ನು ತರುವುದು ಕ್ಷೇಮ.

ಉದ್ಘಾಟನೆಯಾದ ಮೇಲೆ ಬರುವ ತೊಂದರೆ ಬೀಗ. ನಾನು ನೋಡಿದ ಗಾಲಿಕುರ್ಚಿ ಶೌಚಾಲಯಗಳಲ್ಲಿ ಹಲವು, ಪೊರಕೆ, ಫಿನಾಯಿಲ್ ಕ್ಯಾನು, ಮುರಿದ ಕುರ್ಚಿಗಳ ಉಗ್ರಾಣಗಳಾಗಿವೆ. ಬೀಗದ ಕೈ ಯಾರ ಬಳಿಯಿದೆ ಎಂದು ಕೇಳಿದರೆ ರಜೆಯಲ್ಲಿರುವವರ ಹೆಸರು ಬರುತ್ತದೆ. ಬ್ರಿಟನ್ನಿನಲ್ಲಿ ದೇಶದುದ್ದಕ್ಕೂ ಇಂಥ ಶೌಚಾಲಯಗಳ ಬೀಗಗಳಿಗೆ ಹೊಂದುವ 'ರಾಡಾರ್' ಕೀಲಿಯನ್ನು ಬಳಕೆದಾರರೇ ಇಟ್ಟುಕೊಳ್ಳುವ ಪದ್ಧತಿಯಿದೆ. ಅಂಥದ್ದು ಇಲ್ಲಿ ಬರುವವರೆಗೆ, ಕೀಲಿ ದಿನವಿಡೀ ವಿಚಾರಣಾ ಕೌಂಟರಿನಲ್ಲೇ ಇರಬೇಕೆಂದು ಶುಚಿತ್ವದ ಗುತ್ತಿಗೆಯ ಷರತ್ತಿನಲ್ಲಿ ಬರೆಸಿ, ಕೌಂಟರಿನ ದೂರವಾಣಿ ಸಂಖ್ಯೆಯನ್ನು ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿ. ಅಂಟಿಸಿದ ಕಾಗದ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಕೊಠಡಿ ಆಗುವ ತನಕ ಪ್ರಯಾಣ ನಿಲ್ಲುವುದಿಲ್ಲವಲ್ಲ. ದಾರಿಯಲ್ಲಿರುವ ತಾಲ್ಲೂಕು ಆಸ್ಪತ್ರೆಗೆ ಹಿಂದಿನ ದಿನವೇ ಫೋನ್ ಮಾಡಿ, ಡ್ರೆಸ್ಸಿಂಗ್ ಕೋಣೆಯ ಅಥವಾ ಫಿಸಿಯೋಥೆರಪಿಯ ಮಂಚವನ್ನು ಹದಿನೈದು ನಿಮಿಷ ಬಳಸಬಹುದೇ ಎಂದು ಕೇಳಿ. ನಾವು ಹೀಗೆ ಕೇಳಿದಾಗ ಶುಶ್ರೂಷಕಿಯರು ಹೆಚ್ಚಾಗಿ ಒಪ್ಪಿದ್ದಾರೆ, ಒಬ್ಬರಂತೂ ಬಿಸಿನೀರನ್ನೂ ತಂದುಕೊಟ್ಟಿದ್ದರು. ರಬ್ಬರ್ ಶೀಟ್ ಮತ್ತು ಹಳೆಯ ಬೆಡ್‌ಶೀಟನ್ನು ಮಾತ್ರ ನಿಮ್ಮದೇ ಒಯ್ಯಿರಿ.