ನಲವತ್ತು ಜಿಬಿ ಫೈಲನ್ನು ಆ ಕಡೆ ಮುಟ್ಟಿಸುವುದು ಹೇಗೆ?

ರಾತ್ರಿ ಅಪ್‌ಲೋಡ್‌ಗೆ ಹಾಕಿ ಮಲಗುತ್ತಾರೆ. ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪೂ ಮಲಗಿರುತ್ತದೆ, ಅಪ್‌ಲೋಡು 31 ಪರ್ಸೆಂಟಿಗೆ ನಿಂತಿರುತ್ತದೆ. ಮತ್ತೆ ಮೊದಲಿಂದ ಶುರು. ನನ್ನ ಗೆಳೆಯನೊಬ್ಬ ಹೀಗೇ ಮೂರು ರಾತ್ರಿ ಕಳೆದ. ನಾಲ್ಕನೇ ದಿನ ಅಂತೂ ಹೋಯಿತು. ಆ ಖುಷಿಗೆ ತನ್ನ ಕಡೆಯ ವಿಡಿಯೊವನ್ನು ಅಳಿಸಿಯೂ ಬಿಟ್ಟ. ಸಂಜೆ ಆ ಕಡೆಯಿಂದ ಮೆಸೇಜು ಬಂತು: ‘ಓಪನ್ ಆಗ್ತಿಲ್ಲ ಕಣೋ.’

ಆದ್ದರಿಂದ ಈ ಮಾತು ಎಲ್ಲಕ್ಕಿಂತ ಮೊದಲು. ಆ ಕಡೆಯವರು ಫೈಲು ತೆರೆದು ನೋಡಿ ‘ಸರಿಯಿದೆ’ ಅನ್ನುವ ತನಕ ನಿಮ್ಮ ಕಡೆಯದ್ದನ್ನು ಮುಟ್ಟಬೇಡಿ.

ಮೊದಲು ಲೆಕ್ಕ

ಸ್ಪೀಡ್ ಟೆಸ್ಟ್ ಮಾಡಿ, ಅಪ್‌ಲೋಡ್ ಅಂಕಿಯನ್ನು ಮಾತ್ರ ನೋಡಿ. ಡೌನ್‌ಲೋಡ್ 100 ಇದ್ದರೂ ಅಪ್‌ಲೋಡ್ 20 ಇರಬಹುದು. ಆ 20 ಮೆಗಾಬಿಟ್ ಲೆಕ್ಕ, ಮೆಗಾಬೈಟ್ ಅಲ್ಲ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಎರಡೂವರೆ ಎಂಬಿ ಆಯಿತು. 40 ಜಿಬಿಗೆ 16,000 ಸೆಕೆಂಡು, ಅಂದರೆ ಸುಮಾರು ನಾಲ್ಕೂವರೆ ಗಂಟೆ. ನಡುವೆ ನೆಟ್ ಎಡವುವುದನ್ನೂ ಸೇರಿಸಿ ಆರು ಗಂಟೆ ಇಟ್ಟುಕೊಳ್ಳಿ. ಚಾರ್ಜರ್ ಸಿಕ್ಕಿಸಿ, ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಮಾಡಿ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಬೇಡಿ.

ಸಣ್ಣದಾದರೆ ಇಷ್ಟೆಲ್ಲ ಬೇಡ

25 ಎಂಬಿಗಿಂತ ಜಾಸ್ತಿ ಇದ್ದರೆ ಜಿಮೇಲ್ ಅಟ್ಯಾಚ್‌ಮೆಂಟ್ ಆಗಿ ತೆಗೆದುಕೊಳ್ಳುವುದಿಲ್ಲ, ಗೂಗಲ್ ಡ್ರೈವ್ ಲಿಂಕ್ ಮಾಡುತ್ತದೆ. ವಾಟ್ಸ್ಯಾಪ್‌ನಲ್ಲಿ 2 ಜಿಬಿ ತನಕ ಕಳಿಸಬಹುದು. ಆದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಗ್ಯಾಲರಿಯಿಂದ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಕಳಿಸುತ್ತದೆ, ಗುಣಮಟ್ಟ ಹೋಗುತ್ತದೆ.

ಇನ್ನೊಂದು ಚಾಳಿ ಇದೆ. ‘ಜಿಪ್ ಮಾಡಿದರೆ ಚಿಕ್ಕದಾಗುತ್ತೆ ಅಲ್ವಾ?’ ಎಂದು ವಿಡಿಯೊ, ಫೋಟೊಗಳನ್ನು ಗಂಟೆಗಟ್ಟಲೆ ಜಿಪ್ ಮಾಡುತ್ತಾ ಕೂರುವುದು. ಎಂಪಿ4, ಜೆಪೆಗ್ ಫೈಲುಗಳು ಆಗಲೇ ಹಿಂಡಿ ಹಿಪ್ಪೆಯಾದವು. ಅವುಗಳಲ್ಲಿ ಇನ್ನು ಹಿಂಡಲು ಏನೂ ಉಳಿದಿರುವುದಿಲ್ಲ.

ತುಂಡು ಮಾಡಿ ಕಳಿಸುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನಕ್ಕೆ ಓದಿ.

ಒಂದೇ 40 ಜಿಬಿ ಫೈಲು 39ರಲ್ಲಿ ಕೈಕೊಟ್ಟರೆ 39 ಜಿಬಿ ದಂಡ. ಅದನ್ನೇ 2 ಜಿಬಿಯ ಇಪ್ಪತ್ತು ತುಂಡು ಮಾಡಿದರೆ ಕೆಟ್ಟ ಒಂದು ತುಂಡನ್ನು ಮಾತ್ರ ಮತ್ತೆ ಕಳಿಸಿದರಾಯಿತು. ಇದಕ್ಕೆ ನಾನು 7-ಜಿಪ್ ಬಿಟ್ಟು ಬೇರೇನೂ ಬಳಸುವುದಿಲ್ಲ. ಉಚಿತ, ಜಾಹೀರಾತಿಲ್ಲ. ಮ್ಯಾಕ್‌ನವರಿಗೆ ಕೆಕಾ ಇದೆ. ‘ಫೈಲ್ ಸ್ಪ್ಲಿಟರ್’ ಎಂದು ಹುಡುಕಿದಾಗ ಬರುವ, ಪುಟದ ತುಂಬ ಹಸಿರು ಡೌನ್‌ಲೋಡ್ ಬಟನ್ನುಗಳೇ ಇರುವ ಸೈಟುಗಳ ಕಡೆ ತಲೆ ಹಾಕಬೇಡಿ.

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, 7-ಜಿಪ್‌ನಲ್ಲಿ ‘ಆ್ಯಡ್ ಟು ಆರ್ಕೈವ್’ ಆರಿಸಿ. ಕಂಪ್ರೆಷನ್ ಲೆವೆಲ್ ಅನ್ನು ‘ಸ್ಟೋರ್’ಗೆ ಇಡಿ. ಸುಮ್ನೆ ಹಿಂಡುತ್ತಾ ಕೂರದೆ ಪಟಪಟ ಕಟ್ಟಿ ಮುಗಿಸುತ್ತದೆ. ‘ಸ್ಪ್ಲಿಟ್ ಟು ವಾಲ್ಯೂಮ್ಸ್’ ಜಾಗದಲ್ಲಿ 2000 ಎಂದು ಬರೆದು ಅದಕ್ಕಂಟಿಸಿ ಇಂಗ್ಲಿಷಿನ ‘ಎಂ’ ಅಕ್ಷರ ಹಾಕಿ. ಆ ಅಕ್ಷರ ಮರೆತರೆ 2000 ಬೈಟ್ ಎಂದೇ ಅರ್ಥ. ಆಗ ತುಂಡುಗಳು ಲಕ್ಷಗಟ್ಟಲೆ ಹುಟ್ಟುತ್ತವೆ. ಪಾಸ್‌ವರ್ಡ್ ಕೊಟ್ಟು ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ಗೂ ಟಿಕ್ ಹಾಕಿ. ಇಲ್ಲದಿದ್ದರೆ ಪಾಸ್‌ವರ್ಡ್ ಇಲ್ಲದವರಿಗೂ ಒಳಗಿನ ಫೈಲುಗಳ ಹೆಸರು ಕಾಣುತ್ತದೆ.

ಕೊನೆಗೆ 001, 002 ಎಂದು ಮುಗಿಯುವ ಫೈಲುಗಳ ಸಾಲು ಸಿಗುತ್ತದೆ. ಈ ಹೆಸರುಗಳನ್ನು ಬದಲಿಸಬೇಡಿ. ‘ಭಾಗ ಒಂದು’, ‘ಭಾಗ ಎರಡು’ ಎಂದು ನೀಟಾಗಿ ಹೆಸರಿಟ್ಟು ಕೆಡಿಸಿದವರನ್ನೂ ಕಂಡಿದ್ದೇನೆ.

ಇನ್ನು ಡ್ರೈವ್‌ಗೆ ಹಾಕುವುದು. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಅದರಲ್ಲೇ ಜಿಮೇಲೂ ಫೋಟೊಗಳೂ ಇರುತ್ತವೆ. ಅದನ್ನು ಗಂಟಲುಮಟ್ಟ ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಹಾಗಾಗಿ ಐದೈದು ತುಂಡು ಹಾಕಿ, ಅವರು ಇಳಿಸಿಕೊಂಡ ಮೇಲೆ ಅಲ್ಲಿಂದ ತೆಗೆದು, ಬಿನ್ ಕೂಡ ಖಾಲಿ ಮಾಡಿ ಮುಂದಿನ ಐದು ಹಾಕಿ.

ಲಿಂಕ್ ಕಳಿಸುವ ಮುಂಚೆ ಅದನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಲಾಗಿನ್ ಕೇಳಿದರೆ ಹಂಚಿಕೆ ಇನ್ನೂ ‘ರಿಸ್ಟ್ರಿಕ್ಟೆಡ್’ನಲ್ಲೇ ಇದೆ ಎಂದರ್ಥ. ಆ ಕಡೆಯವರು ‘ರಿಕ್ವೆಸ್ಟ್ ಆ್ಯಕ್ಸೆಸ್’ ಒತ್ತಿ ಕಾಯುತ್ತಾರೆ. ನೀವು ಮೇಲ್ ನೋಡುವುದು ಮರುದಿನ. ಅವರ ಮೇಲ್ ವಿಳಾಸ ಸೇರಿಸಿ ಅನುಮತಿ ಕೊಡುವುದು ಒಳ್ಳೆಯದು. ಪಾಸ್‌ವರ್ಡ್ ಹಾಕಿದ್ದೀರಾದರೆ ‘ಎನಿವನ್ ವಿತ್ ದ ಲಿಂಕ್’ ಆದರೂ ನಡೆಯುತ್ತದೆ, ಆದರೆ ‘ವ್ಯೂವರ್’ ಮಾತ್ರ. ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆಯುವುದೆಂದರೆ ಬೀಗ ಹಾಕಿ ಬೀಗದ ಕೈಯನ್ನು ಅದಕ್ಕೇ ನೇತುಹಾಕಿದಂತೆ. ಫೋನ್ ಮಾಡಿ ಹೇಳಿ.

ಆ ಕಡೆಯವರಿಗೆ ಹೇಳಬೇಕಾದ್ದು

ತುಂಡುಗಳೆಲ್ಲ ಒಂದೇ ಫೋಲ್ಡರಿನಲ್ಲಿರಲಿ. ಒಂದೇ ತುಂಡನ್ನು ಎರಡು ಸಲ ಇಳಿಸಿದರೆ ಬ್ರೌಸರ್ ಹೆಸರಿನ ನಡುವೆ ‘(1)’ ಎಂದು ತೂರಿಸುತ್ತದೆ. ಆಗ 7-ಜಿಪ್‌ಗೆ ಆ ತುಂಡು ಸಿಗುವುದಿಲ್ಲ. ಮೊದಲ ಸಲ ಇಳಿದದ್ದು ಕೆಟ್ಟಿದ್ದರೆ ಅಳಿಸಿ, ಹೊಸದರ ‘(1)’ ತೆಗೆಯಿರಿ. ಹೆಸರು ಮುಟ್ಟಬಹುದಾದ್ದು ಇದೊಂದೇ ಸಂದರ್ಭದಲ್ಲಿ.

ಕೊನೆಯದನ್ನು ಬಿಟ್ಟು ಉಳಿದ ತುಂಡುಗಳೆಲ್ಲ ಬೈಟ್ ಲೆಕ್ಕದಲ್ಲಿ ಒಂದೇ ಅಳತೆ ಇರಬೇಕು. ಒಂದು ಕುಳ್ಳಗಿದೆಯಾ? ಅದನ್ನು ಮತ್ತೆ ಇಳಿಸಿ. ಆಮೇಲೆ 001ರ ಮೇಲೆ ಮಾತ್ರ ರೈಟ್ ಕ್ಲಿಕ್ ಮಾಡಿ ‘ಟೆಸ್ಟ್ ಆರ್ಕೈವ್’ ಒತ್ತಿ. ದೋಷವಿಲ್ಲ ಅಂದರೆ ಬಿಚ್ಚಿ, ಅದನ್ನೂ 001ರಿಂದಲೇ. ಉಳಿದವನ್ನು ಒಂದೊಂದಾಗಿ ತೆರೆಯಲು ಹೋಗಬೇಡಿ. ಅಳತೆ ಸರಿಯಿದ್ದೂ ಟೆಸ್ಟ್ ಕೈಕೊಟ್ಟರೆ ಅದೇ ಮೆನುವಿನ ಸಿಆರ್‌ಸಿ-ಎಸ್‌ಎಚ್‌ಎ ಪಟ್ಟಿಯಲ್ಲಿ ಎಸ್‌ಎಚ್‌ಎ-256 ಇದೆ. ಪ್ರತಿ ತುಂಡಿಗೆ 64 ಅಕ್ಷರಗಳ ಸಾಲೊಂದನ್ನು ಕೊಡುತ್ತದೆ. ಎರಡೂ ಕಡೆಯ ಸಾಲು ಹೋಲಿಸಿ ನೋಡಿ, ಹೊಂದದ ತುಂಡೇ ಕಳ್ಳ.

ನನ್ನನ್ನು ಕೇಳಿದರೆ

ಪದೇ ಪದೇ ಕಳಿಸುವುದಿದ್ದರೆ ಇದ್ಯಾವ ರಗಳೆಯೂ ಬೇಡ, ಎರಡೂ ಕಂಪ್ಯೂಟರಿಗೆ ಸಿಂಕ್‌ಥಿಂಗ್ ಎಂಬ ಸಾಫ್ಟ್‌ವೇರ್ ಹಾಕಿಬಿಡಿ. ನಡುವೆ ಯಾರ ಡ್ರೈವೂ ಇಲ್ಲ, ಅಳತೆಯ ಮಿತಿಯೂ ಇಲ್ಲ. ಒಬ್ಬರ ಡಿವೈಸ್ ಐಡಿಯನ್ನು ಇನ್ನೊಬ್ಬರು ಸೇರಿಸಿ, ಫೋಲ್ಡರ್ ಹಂಚಿಕೊಂಡರೆ ಆಯಿತು. ಅದು ತಾನೇ ಫೈಲನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ತಾಳೆ ನೋಡುತ್ತದೆ. ನೆಟ್ ಹೋಗಿ ಬಂದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಎರಡೂ ಕಂಪ್ಯೂಟರು ಒಟ್ಟಿಗೇ ಆನ್ ಇರಬೇಕು ಅನ್ನುವುದೊಂದೇ ಕಟ್ಟುಪಾಡು.

ಆದರೆ ಇದು ಎರಡು ಫೋಲ್ಡರನ್ನು ಒಂದೇ ಥರ ಇಡುವ ಸಾಧನ. ಈ ಕಡೆ ಅಳಿಸಿದರೆ ಆ ಕಡೆಯೂ ಅಳಿಯುತ್ತದೆ. ಬಂದ ಫೈಲನ್ನು ಅವರು ‘ಕಟ್’ ಮಾಡಿ ಬೇರೆಡೆ ಇಟ್ಟರೆ ನಿಮ್ಮದೂ ಮಾಯವಾಗಬಹುದು. ನಿಮ್ಮ ಕಡೆ ಫೋಲ್ಡರನ್ನು ‘ಸೆಂಡ್ ಓನ್ಲಿ’ ಮಾಡಿ. ಅವರಿಗೆ ‘ಕಾಪಿ’ ಮಾಡಿ ಬೇರೆ ಕಡೆ ಇಟ್ಟುಕೊಳ್ಳಲು ಹೇಳಿ.

ಅವರು ವಿಡಿಯೊದ ಆರಂಭ, ನಡುವೆ, ಕೊನೆ ಮೂರೂ ಕಡೆ ಓಡಿಸಿ ನೋಡಿ ಫೋನ್ ಮಾಡಲಿ. ಆಮೇಲೆ ಡ್ರೈವ್‌ನಲ್ಲಿರುವ ತುಂಡುಗಳನ್ನು ತೆಗೆಯಿರಿ, ಬಿನ್ ಕೂಡ ಖಾಲಿ ಮಾಡಿ. ಅಲ್ಲಿ ಬಿದ್ದಿರುವ ಫೈಲುಗಳೂ ಆ 15 ಜಿಬಿಯಲ್ಲೇ ಜಾಗ ತಿನ್ನುತ್ತವೆ.