ಪಿ.ಎಫ್. ದುಡ್ಡಿಗೆ ನಾನು ಕೈ ಹಾಕಿದ ಎರಡು ಸಲ

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಸಣ್ಣ ನೋಟ್‌ಬುಕ್ಕು ಇರುತ್ತದೆ. ಅದರ ಮೊದಲ ಪುಟದಲ್ಲಿ ‘ಪಿ.ಎಫ್.ಗೆ ವಾಪಸು ಕಟ್ಟಬೇಕಾದದ್ದು: 1,10,000’ ಎಂದು ಬರೆದಿದೆ. ಹೀಗೆ ಕಟ್ಟು ಅಂತ ನನಗೆ ಯಾರೂ ಹೇಳಿಲ್ಲ, ಕಟ್ಟದಿದ್ದರೆ ಕೇಳುವವರೂ ಇಲ್ಲ. ಕೇಳುವವರಿಲ್ಲ ಎಂಬ ಕಾರಣಕ್ಕೇ ಬರೆದಿಟ್ಟದ್ದು.

ನನ್ನ ಮನೆ ಕೇರಳದ ಗಡಿಯ ಮಂಜೇಶ್ವರದಲ್ಲಿ, ಕೆಲಸ ಮಂಗಳೂರಿನ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ. 2008ರಲ್ಲಿ ಸೇರಿದೆ. ಅಂದಿನಿಂದ ಪ್ರತಿ ತಿಂಗಳು ಮೂಲ ವೇತನ ಮತ್ತು ಡಿ.ಎ.ಯ (ತುಟ್ಟಿಭತ್ಯೆಯ) ಶೇ. 12 ಪಿ.ಎಫ್.ಗೆ, ಎಂದರೆ ಭವಿಷ್ಯ ನಿಧಿಗೆ, ಹೋಗುತ್ತಿದೆ. ಕಂಪನಿಯೂ ಅಷ್ಟೇ ಹಾಕುತ್ತದೆ, ಆದರೆ ಅದರಲ್ಲಿ ಶೇ. 8.33 ಪೆನ್ಶನ್ ಖಾತೆಗೆ ಹೋಗುತ್ತದೆ, ಉಳಿದದ್ದು ಮಾತ್ರ ಪಿ.ಎಫ್.ಗೆ. ಪೆನ್ಶನ್ನಿನ ಲೆಕ್ಕಕ್ಕೆ ಹಿಡಿಯುವ ಸಂಬಳ ಹೆಚ್ಚೆಂದರೆ 15,000 ರೂಪಾಯಿ. ಹಾಗಾಗಿ 58 ತುಂಬಿದ ಮೇಲೆ ನನಗೆ ಬರಬಹುದಾದ ಪೆನ್ಶನ್ ತಿಂಗಳಿಗೆ ಆರು ಸಾವಿರದ ಆಸುಪಾಸು. ಆಮೇಲೆ ನಿಜವಾಗಿ ಕೈಹಿಡಿಯುವುದು ಪಿ.ಎಫ್.ನ ಗಂಟೇ. ಇಷ್ಟು ಲೆಕ್ಕ ಬರುವ ನಾನೇ ಮೊದಲ ಸಲ ಆ ಗಂಟು ಬಿಚ್ಚಿದಾಗ ಏನೂ ಯೋಚಿಸಿರಲಿಲ್ಲ.

ಅದು 2020. ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಒಂದೇ ಊರಿನ ಹಾಗೆ ದಿನಾ ಹೋಗಿ ಬರುತ್ತಿದ್ದ ಮಂಗಳೂರು ಪರದೇಶವಾಯಿತು. ಏಪ್ರಿಲ್, ಮೇ ಎರಡು ತಿಂಗಳು ನನಗೆ ಸಂಬಳ ಇಲ್ಲ. ನಮ್ಮವರ, ಎಂದರೆ ಗಂಡನ, ರಿಕ್ಷಾ ಅಂಗಳದಲ್ಲಿ. ಆಗ ಕೇಂದ್ರ ಸರ್ಕಾರ ಕೋವಿಡ್ ಮುಂಗಡಕ್ಕೆ ಅವಕಾಶ ಕೊಟ್ಟಿತು: ಮೂರು ತಿಂಗಳ ಮೂಲ ವೇತನ ಮತ್ತು ಡಿ.ಎ., ಅಥವಾ ಖಾತೆಯಲ್ಲಿರುವುದರ ಶೇ. 75, ಇದರಲ್ಲಿ ಯಾವುದು ಕಡಿಮೆಯೋ ಅದು. ನನಗೆ 45,000 ಸಿಗುತ್ತಿತ್ತು. ಅರ್ಜಿ ಹಾಕಲು ಕೂತರೆ ಆಧಾರ್ ಜೋಡಣೆಯೇ ಆಗಿಲ್ಲ.

ಕಾರಣ ಒಂದು ‘ಎಚ್’ ಮತ್ತು ಒಂದು ಇನಿಶಿಯಲ್. ಆಫೀಸಿನ ದಾಖಲೆಯಲ್ಲಿ ನನ್ನ ಹೆಸರಿನ ‘ತಿ’ಗೆ ಇಂಗ್ಲಿಷಿನಲ್ಲಿ ಬರೀ ‘ಟಿ’ ಹಾಕಿದ್ದರು, ಹಿಂದೆ ಒಂದು ಇನಿಶಿಯಲ್. ಆಧಾರ್‌ನಲ್ಲಿ ‘ಟಿ’ಯ ಜೊತೆ ‘ಎಚ್’ ಉಂಟು, ಇನಿಶಿಯಲ್ಲಿನ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು. ಗಡಿಯಲ್ಲಿರುವ ನಮಗೆ ಇದು ಹೊಸತಲ್ಲ. ಶಾಲೆಯಲ್ಲಿ ಕನ್ನಡದಲ್ಲಿ ಬರೆದ ಹೆಸರು ರೇಷನ್ ಕಾರ್ಡಿನಲ್ಲಿ ಮಲಯಾಳವಾಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಒಂದೊಂದು ಕಡೆ ಒಂದೊಂದು ರೂಪ. ಯಾರನ್ನು ದೂರುವುದು! ತಿದ್ದುಪಡಿಗೆ ನಾನೂ ಕಂಪನಿಯೂ ಸಹಿ ಹಾಕಿದ ಜಂಟಿ ಘೋಷಣಾ ಪತ್ರ ಬೇಕಿತ್ತು. ಸಹಿ ಹಾಕುವವರು ನೇತ್ರಾವತಿಯ ಆಚೆ, ನಾನು ಈಚೆ. ಸ್ಕ್ಯಾನ್ ಮಾಡಿ ಕಳಿಸಿ, ಅವರು ಸಹಿ ಮಾಡಿ, ಪಿ.ಎಫ್. ಕಚೇರಿಗೆ ತಲುಪಿ, ಹಣ ಬರುವಾಗ ಜುಲೈ ಕೊನೆ. ಅಷ್ಟರಲ್ಲಿ ಮನೆಯಿಂದಲೇ ಕೆಲಸ ಶುರುವಾಗಿ ಜೂನ್ ಸಂಬಳ ಸಿಕ್ಕಿತ್ತು. ಏಪ್ರಿಲ್, ಮೇ ಕಳೆದದ್ದು ಸರ್ಕಾರದ ದಿನಸಿ ಕಿಟ್‌ನಿಂದ, ಅತ್ತೆ ಮಾರದೆ ಇಟ್ಟಿದ್ದ ಅಡಿಕೆಯಿಂದ.

ಆ 45,000ದಲ್ಲಿ ಮಗಳ ಆನ್‌ಲೈನ್ ತರಗತಿಗೆ ಒಂದು ಫೋನ್ ಕೊಂಡದ್ದು ನೆನಪಿದೆ. ಅಂಗಡಿಯ ಬಾಕಿ ಕೊಟ್ಟದ್ದೂ ನೆನಪಿದೆ. ಎರಡೂ ಸೇರಿದರೆ 20,000 ಆಗಲಿಕ್ಕಿಲ್ಲ. ಉಳಿದ 25,000 ಎಲ್ಲಿ ಹೋಯಿತೆಂದು, ಊರವರ ಲೆಕ್ಕವನ್ನೆಲ್ಲ ಪೈಸೆ ಬಿಡದೆ ಬರೆಯುವ ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ಅದು ನನಗೆ ಬಹಳ ನೋವಿನ ವಿಷಯ.

ಎರಡನೆಯದು 2023ರ ಜೂನ್. ಜೋರು ಮಳೆಯ ರಾತ್ರಿ ನಮ್ಮವರಿಗೆ ಎದೆನೋವು ಬಂತು. ಮಂಗಳೂರಿನ ಆಸ್ಪತ್ರೆಯಲ್ಲಿ ಬೆಳಗಾಗುವುದರೊಳಗೆ ಸ್ಟೆಂಟ್ ಹಾಕಬೇಕು ಎಂದರು, ಒಟ್ಟು ಖರ್ಚು 1,75,000 ಎಂದರು. ಸಂಬಳ 21,000 ದಾಟಿದ ಮೇಲೆ ನನಗೆ ಇ.ಎಸ್.ಐ. ಇಲ್ಲ. ಬೇರೆ ವಿಮೆ ಮಾಡಿಸಿರಲಿಲ್ಲ.

ಪಿ.ಎಫ್. ಆ ರಾತ್ರಿಗೆ ಒದಗುವ ದುಡ್ಡಲ್ಲ ಎಂದು 2020 ನನಗೆ ಕಲಿಸಿತ್ತು. ಬೆಳಿಗ್ಗೆ ನನ್ನ ತಮ್ಮ ಊರಿನ ಸಹಕಾರಿ ಬ್ಯಾಂಕಿನ ಬಾಗಿಲು ತೆರೆಯುವಾಗಲೇ ನನ್ನನ್ನು ಕರಕೊಂಡು ಹೋಗಿ ನಿಂತ. ನಾಲ್ಕು ಪವನ್ ಚಿನ್ನ ಅಡವಿಟ್ಟು 1,10,000 ತಂದೆವು. ಉಳಿದದ್ದು ಉಳಿತಾಯ ಖಾತೆಯಿಂದ, ತಮ್ಮನಿಂದ. ಇವರು ಮನೆಗೆ ಬಂದ ಮೇಲೆಯೇ ನಾನು ಪಿ.ಎಫ್. ಮುಂಗಡದ ಅರ್ಜಿ, ಫಾರ್ಮ್ 31, ತುಂಬಲು ಕೂತದ್ದು.

ಕಾಯಿಲೆಗೆ ತೆಗೆಯುವ ಮುಂಗಡಕ್ಕೆ ಇಷ್ಟು ವರ್ಷ ಸೇವೆಯಾಗಿರಬೇಕೆಂಬ ಷರತ್ತು ಇರಲಿಲ್ಲ. ಹೃದಯದ ಕಾಯಿಲೆ, ದೊಡ್ಡ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಪಾರ್ಶ್ವವಾಯು ಇವೆಲ್ಲ ಅದರಲ್ಲಿ ಸೇರುತ್ತಿದ್ದವು. ಆರು ತಿಂಗಳ ಮೂಲ ವೇತನ ಮತ್ತು ಡಿ.ಎ., ಅಥವಾ ನಮ್ಮ ಪಾಲಿನ ವಂತಿಗೆ ಬಡ್ಡಿ ಸಮೇತ, ಕಡಿಮೆ ಯಾವುದೋ ಅಷ್ಟು. ನನ್ನ ಮೂಲ ವೇತನ ಮತ್ತು ಡಿ.ಎ. ಆಗ 19,000, ಆರು ತಿಂಗಳಿಗೆ 1,14,000. ನಾನು ಕೇಳಿದ್ದು 1,10,000, ಅಡವಿನಷ್ಟೇ. ಸಿಗುತ್ತದೆಂದು ಪೂರ್ತಿ ಕೇಳುವ ತಪ್ಪನ್ನು ಮತ್ತೆ ಮಾಡಬಾರದೆಂದಿತ್ತು.

ಈ ಸಲ ಹೆಸರು ಸರಿ ಇತ್ತು, ಬ್ಯಾಂಕಿನ ಐ.ಎಫ್.ಎಸ್.ಸಿ. ಕೋಡ್ ಸರಿ ಇರಲಿಲ್ಲ. ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವಲ್ಲ, ನಮ್ಮಲ್ಲಿ ಮನೆಗೊಂದು ಖಾತೆ ಇದ್ದದ್ದು ಆ ಬ್ಯಾಂಕುಗಳಲ್ಲೇ. ಪಾಸ್‌ಬುಕ್ ಬದಲಾಯಿಸಿಕೊಂಡೆವು, ಪಿ.ಎಫ್. ಖಾತೆಯಲ್ಲಿ ಹಳೆಯ ಕೋಡೇ ಉಳಿಯಿತು. ಹೊಸದನ್ನು ಹಾಕಿ ಕಂಪನಿಯ ಒಪ್ಪಿಗೆ ಸಿಗಲು ಒಂಬತ್ತು ದಿನ ಬೇಕಾಯಿತು. ಆಮೇಲೆ ಎರಡು ವಾರದೊಳಗೆ ಹಣ ಬಂತು, ಅದೇ ದಿನ ಚಿನ್ನ ಬಿಡಿಸಿದೆ.

ಚಿನ್ನದ ಸಾಲವನ್ನೇ ಮುಂದುವರಿಸಬಹುದಿತ್ತಲ್ಲ ಎಂದು ತಮ್ಮ ಕೇಳಿದ್ದ. ಅಲ್ಲಿ ಬಡ್ಡಿ ವರ್ಷಕ್ಕೆ ಹತ್ತರ ಮೇಲೆ, ಪಿ.ಎಫ್.ನಲ್ಲಿ ನನಗೆ ಸಿಗುತ್ತಿದ್ದದ್ದು ಎಂಟು ಚಿಲ್ಲರೆ. ಲೆಕ್ಕಕ್ಕೆ ಪಿ.ಎಫ್. ತೆಗೆಯುವುದೇ ಸರಿ. ಆದರೆ ಆ ಲೆಕ್ಕ ಸರಿಯಾಗುವುದು ತೆಗೆದದ್ದನ್ನು ವಾಪಸು ಹಾಕಿದರೆ ಮಾತ್ರ. ಇಲ್ಲೇ ನಾವೆಲ್ಲ ಎಡವುವುದು. ಬಾಯಲ್ಲಿ ‘ಪಿ.ಎಫ್. ಲೋನ್’ ಅನ್ನುತ್ತೇವೆ. ಅದು ಲೋನ್ ಅಲ್ಲವೇ ಅಲ್ಲ. ಕಂತಿಲ್ಲ, ನೋಟಿಸಿಲ್ಲ, ಅಡವಿಲ್ಲ. ಬ್ಯಾಂಕಿನ ಸಾಲವಾದರೆ ತಿಂಗಳು ತಪ್ಪಿದರೆ ಫೋನ್ ಬರುತ್ತದೆ. ಇದರಲ್ಲಿ ಯಾರ ಫೋನೂ ಬರುವುದಿಲ್ಲ, ನಿವೃತ್ತಿಯ ದಿನ ಪಾಸ್‌ಬುಕ್ಕಿನಲ್ಲಿ ಗೊತ್ತಾಗುತ್ತದೆ. ಆ ರಾತ್ರಿಯೇ ಕೂತು ಗುಣಿಸಿದೆ. ನನಗೆ ಆಗ 44. ಬಡ್ಡಿ ಆಗಿನ ಶೇ. 8.15ರಲ್ಲೇ ನಿಂತರೂ 14 ವರ್ಷದಲ್ಲಿ 1,10,000 ಎಂಬುದು ಹೆಚ್ಚುಕಡಿಮೆ 3,30,000 ಆಗುತ್ತದೆ. ನಾನು ತೆಗೆದದ್ದು ಆ ಮೂರು ಲಕ್ಷ ಮೂವತ್ತು ಸಾವಿರ.

ವಾಪಸು ಕಟ್ಟಲು ಪಿ.ಎಫ್.ನಲ್ಲಿ ದಾರಿ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಉಂಟು, ಅದರ ಹೆಸರು ವಿ.ಪಿ.ಎಫ್. ಶೇ. 12ಕ್ಕಿಂತ ಹೆಚ್ಚು ನಾವೇ ಇಷ್ಟಪಟ್ಟು ಹಾಕಬಹುದು, ಬಡ್ಡಿ ಅದೇ. ಸಂಬಳ ವಿಭಾಗಕ್ಕೆ ಒಂದು ಚೀಟಿ ಬರೆದುಕೊಟ್ಟರಾಯಿತು. ನಮ್ಮ ಕಂಪನಿಯಲ್ಲಿ ಏಪ್ರಿಲ್‌ನಿಂದ ಮಾತ್ರ ಬದಲಾಯಿಸುವ ಕ್ರಮ. ಹಾಗಾಗಿ 2024ರ ಏಪ್ರಿಲ್‌ನಿಂದ ತಿಂಗಳಿಗೆ 2,000 ಹಿಡಿಯುತ್ತಿದ್ದಾರೆ, ಒಟ್ಟು 55 ತಿಂಗಳು. 2025ರ ನವೆಂಬರ್ ಸಂಬಳಕ್ಕೆ 20 ಕಂತು ಮುಗಿಯಿತು, 70,000 ಬಾಕಿ. ಮೊದಲ ಮೂರು ನಾಲ್ಕು ತಿಂಗಳು ಕಷ್ಟವಾಯಿತು, ಮೀನು ವಾರಕ್ಕೆ ಎರಡೇ ಸಲ. ಆಮೇಲೆ ಕೈಗೆ ಬಾರದ ದುಡ್ಡು ನೆನಪಾಗುವುದೂ ನಿಂತಿತು.

ನಡುವೆ 2024ರ ಮಳೆಗಾಲದಲ್ಲಿ ತೆಂಗಿನ ಮರ ಬಿದ್ದು ಹೆಂಚು, ಪಕ್ಕಾಸು ಮುರಿದವು. ಮನೆ ರಿಪೇರಿಗೂ ಪಿ.ಎಫ್. ಮುಂಗಡ ಇತ್ತು, ಆದರೆ ಮನೆ ನಮ್ಮ ಅಥವಾ ಗಂಡನ ಹೆಸರಲ್ಲಿ, ಇಲ್ಲವೇ ಇಬ್ಬರ ಹೆಸರಲ್ಲೂ ಇರಬೇಕಿತ್ತು. ನಮ್ಮದು ಅತ್ತೆಯ ಹೆಸರಲ್ಲಿ. ಸಿಗದ್ದು ಒಳ್ಳೆಯದೇ ಆಯಿತು. ಆ ನಾಲ್ಕು ಪವನ್ ಮತ್ತೆ ಬ್ಯಾಂಕಿಗೆ ಹೋಗಿ ಎಂಟು ತಿಂಗಳಲ್ಲಿ ವಾಪಸು ಬಂತು. ಮಗಳ ನರ್ಸಿಂಗ್ ಕೋರ್ಸಿಗೂ ನಮ್ಮ ಪಾಲಿನ ಅರ್ಧ ತೆಗೆಯಬಹುದಿತ್ತು. ಶಿಕ್ಷಣ ಸಾಲವನ್ನೇ ಮಾಡಿದೆವು. ಅವಳಿಗೆ ಮುಂದೆ ದುಡಿಯುವ ವರ್ಷಗಳಿವೆ, ನನಗೆ ಕಡಿಮೆ.

2025ರ ಅಕ್ಟೋಬರ್‌ನಲ್ಲಿ ಪಿ.ಎಫ್. ಮಂಡಳಿ ಹದಿಮೂರು ಬಗೆಯ ಮುಂಗಡಗಳನ್ನು ಮೂರಕ್ಕೆ ಇಳಿಸಲು ತೀರ್ಮಾನಿಸಿದೆ. ಶೇ. 25 ಮಾತ್ರ ಖಾತೆಯಲ್ಲಿ ಉಳಿಯಲೇಬೇಕು ಎಂದಿದೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತವರಿಗೆ ಇದು ದೊಡ್ಡ ಉಪಕಾರ. ಆದರೆ ನನ್ನ ಆ 25,000ದ ಹಾಗೆ ಕರಗಿಹೋಗುವ ದುಡ್ಡೂ ಹೆಚ್ಚಾದೀತೆಂದು ನನಗೆ ಹೆದರಿಕೆ.

ಬೆಳಗಿನ ರೈಲಿನಲ್ಲಿ ನಮ್ಮ ಹೆಂಗಸರ ಗುಂಪಿಗೆ ಈ ಕತೆ ಗೊತ್ತು. ಯಾರಿಗಾದರೂ ಪಿ.ಎಫ್. ತಲೆಬಿಸಿ ಬಂದರೆ ಫೋನ್ ನನ್ನ ಕೈಗೆ ಕೊಡುತ್ತಾರೆ. ಏಜೆಂಟರಿಗೆ ಕಮಿಷನ್ ಕೊಡಬೇಡಿ, ಅರ್ಜಿಗೆ ಒಂದು ಪೈಸೆ ಖರ್ಚಿಲ್ಲ ಎಂದು ನಾನು ಎಲ್ಲರಿಗೂ ಹೇಳುವುದು. ಕಳೆದ ವಾರ ಉಪ್ಪಳದಿಂದ ಹತ್ತುವ ಹುಡುಗಿಯೊಬ್ಬಳು, “ಅಕ್ಕ, ನನಗೀಗ ಹಣ ಎಂತದೂ ಬೇಡ, ಸುಮ್ಮನೆ ಎಲ್ಲ ಸರಿ ಉಂಟಾ ನೋಡಿ” ಎಂದಳು. ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಹೆಸರು ಸರಿ, ನಾಮಿನಿ ಸರಿ, ಬ್ಯಾಂಕಿನ ಕೋಡ್ ಹಳೆಯದು. 2025ರ ಏಪ್ರಿಲ್‌ನಿಂದ ಅದಕ್ಕೆ ಕಂಪನಿಯ ಒಪ್ಪಿಗೆ ಬೇಕಾಗಿಲ್ಲ. ಉಳ್ಳಾಲ ಸ್ಟೇಷನ್ನಿನಲ್ಲಿ ಹೊಸ ಕೋಡ್ ಹಾಕಿದೆವು, ನೇತ್ರಾವತಿ ಸೇತುವೆಯ ಮೇಲೆ ಒ.ಟಿ.ಪಿ. ಬಂತು.